ಶಿರಸಿ ದೇವಿಕೆರೆ ಹತ್ತಿರದ ಲ್ಯಾಬ್: ಕಾರ್ಟಿಸಾಲ್ ಪರೀಕ್ಷೆಗೆ ನಂಬಿ ಹೋಗಬಹುದು

ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ರಕ್ತದಲ್ಲಿ ಎಷ್ಟಿದೆಯೆಂದು ಪರೀಕ್ಷೆ ಮಾಡಿಸಬೇಕಾದವರು ಯಾರೇ ಕೇಳಿದರೂ ನಾನು ಈ ಲ್ಯಾಬನ್ನೇ ಹೇಳುತ್ತೇನೆ. ಸೂಜಿ ಚುಚ್ಚುವ ಮೊದಲು ಕೇಳಬೇಕಾದ್ದನ್ನೆಲ್ಲ ಇಲ್ಲಿ ಕೇಳುತ್ತಾರೆ.

ನಮ್ಮ ಅತ್ತೆಯವರಿಗೆ ಸಂಧಿವಾತ. ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡ್ ಗುಳಿಗೆ ಶುರುವಾಗಿ ವರ್ಷದ ಮೇಲಾಯಿತು. ಈಗ ಡೋಸು ಇಳಿಸುತ್ತ ಬಂದಿರುವ ಡಾಕ್ಟರು, ಪೂರ್ತಿ ಬಿಡಿಸುವ ಮೊದಲು ಬೆಳಗಿನ ಕಾರ್ಟಿಸಾಲ್ ನೋಡೋಣ ಎಂದರು. ಕಾನಸೂರಿನಿಂದ ಬೇಗ ಹೊರಟು ಎಂಟರೊಳಗೆ ಲ್ಯಾಬ್ ಮುಟ್ಟಿದೆವು. ರಕ್ತ ತೆಗೆಯುವ ಹುಡುಗಿ ಅತ್ತೆಯವರನ್ನು ಫ್ಯಾನಿನ ಕೆಳಗೆ ಕೂರಿಸಿ, ಸುಧಾರಿಸಿಕೊಳ್ಳಲು ಬಿಟ್ಟಳು.

"ಅಮ್ಮಾ, ಕೊನೇ ಗುಳಿಗೆ ಯಾವಾಗ ತಗೊಂಡಿದ್ದು?"

"ನಿನ್ನೆ ಬೆಳಗ್ಗೆ ತಂಗಿ. ಇವತ್ತಿಂದು ರಕ್ತ ಕೊಟ್ಟಾದ ಮೇಲೆ ಅಂದಿದಾರೆ."

ಅಷ್ಟಕ್ಕೇ ಬಿಡಲಿಲ್ಲ. ಮೈಗೆ ಹಚ್ಚುವ ಮುಲಾಮು, ದಮ್ಮಿನ ಪಂಪು, ಮಂಡಿಗೆ ಕೊಡುವ ಇಂಜೆಕ್ಷನ್ ಇವುಗಳಲ್ಲೂ ಸ್ಟಿರಾಯ್ಡ್ ಇರಬಹುದೆಂದು ಎಲ್ಲವನ್ನೂ ಒಂದೊಂದಾಗಿ ವಿಚಾರಿಸಿ ಚೀಟಿಯಲ್ಲಿ ಬರೆದುಕೊಂಡಳು. ರಕ್ತ ತೆಗೆದ ಹೊತ್ತನ್ನು ಟ್ಯೂಬಿನ ಲೇಬಲ್ಲಿನ ಮೇಲೆ ದಪ್ಪಗೆ ಗುರುತು ಹಾಕಿದಳು.

ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳುವ ನನಗೆ ಆ ಪ್ರಶ್ನೆಗಳ ಬೆಲೆ ಗೊತ್ತು. ಕಾರ್ಟಿಸಾಲ್ ಬೆಳಗ್ಗೆ ಏರಿ ನಡುರಾತ್ರಿಗೆ ಇಳಿಯುವ ಹಾರ್ಮೋನು. ಹೊತ್ತು ಗೊತ್ತಿಲ್ಲದಿದ್ದರೆ ರಿಪೋರ್ಟಿನ ಅಂಕಿಯಿಂದ ಏನೂ ತಿಳಿಯದು. ಜ್ವರವೋ ಗಾಯವೋ ಭಯವೋ ಬಂದಾಗ ಮಿದುಳಿನ ಹೈಪೋಥಲಾಮಸ್ ಎಂಬ ಭಾಗ ತನ್ನ ಕೆಳಗಿನ ಪಿಟ್ಯುಟರಿ ಗ್ರಂಥಿಯನ್ನು ಎಚ್ಚರಿಸುತ್ತದೆ, ಅದು ಕಿಡ್ನಿಯ ಮೇಲೆ ಕೂತ ಅಡ್ರಿನಲ್ ಗ್ರಂಥಿಯನ್ನು. ಅಲ್ಲಿಂದ ಹೊರಟ ಕಾರ್ಟಿಸಾಲ್ ಜೀವಕೋಶದೊಳಗಿನ ಗ್ಲುಕೊಕಾರ್ಟಿಕಾಯ್ಡ್ ರಿಸೆಪ್ಟರಿಗೆ (ಹಾರ್ಮೋನನ್ನು ಹಿಡಿದುಕೊಳ್ಳುವ ಪ್ರೋಟೀನಿಗೆ) ಅಂಟಿಕೊಂಡು, ನ್ಯೂಕ್ಲಿಯಸ್ಸಿಗೆ ಹೋಗಿ ಕೆಲವು ಜೀನುಗಳನ್ನು ಎಬ್ಬಿಸುತ್ತದೆ, ಉರಿಯೂತ ತರುವಂಥವನ್ನು ಅಡಗಿಸುತ್ತದೆ. ಮನುಷ್ಯರ ಈ ರಿಸೆಪ್ಟರಿನ ರಚನೆಯನ್ನು ಅಮೆರಿಕದ ವಿಜ್ಞಾನಿ ರೊನಾಲ್ಡ್ ಇವಾನ್ಸ್ ಅವರ ತಂಡ ಬಿಡಿಸಿದ್ದು 1985ರಲ್ಲಿ. ಅದೇ ರಿಸೆಪ್ಟರ್ ಮಿದುಳಿನಲ್ಲೂ ಪಿಟ್ಯುಟರಿಯಲ್ಲೂ ಇದೆ. ಅಲ್ಲಿ ಕಾರ್ಟಿಸಾಲ್ ಕೂತ ಮೇಲೆ "ಇನ್ನು ಸಾಕು" ಎಂದು ತಿಳಿದು ಒತ್ತಡದ ಓಟ ನಿಲ್ಲುತ್ತದೆ.

ಪ್ರೆಡ್ನಿಸೋಲೋನ್ ಬಸ್ಸಿನ ಸೀಟಿಗೆ ಟವೆಲ್ ಹಾಕಿದಂತೆ ಆ ಜಾಗ ಹಿಡಿದುಬಿಡುತ್ತದೆ. ಮಿದುಳು ಸುಮ್ಮನಾಗುತ್ತದೆ, ತಿಂಗಳುಗಟ್ಟಲೆ ಕರೆ ಬಾರದ ಅಡ್ರಿನಲ್ ಸೊರಗುತ್ತದೆ. ಅದು ಮತ್ತೆ ಚೇತರಿಸಿಕೊಂಡಿದೆಯೇ ಎಂದು ನೋಡಲೆಂದೇ ಈ ಪರೀಕ್ಷೆ. ಗುಳಿಗೆಯನ್ನು ಥಟ್ಟನೆ ಬಿಟ್ಟವರಿಗೆ ಒಂದು ಜ್ವರ ಬಂದರೂ ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತು ಬರಬಹುದು. ಸಾಲದ್ದಕ್ಕೆ ಕೆಲವು ಪರೀಕ್ಷಾ ವಿಧಾನಗಳು ಮೈಯಲ್ಲಿ ಉಳಿದ ಪ್ರೆಡ್ನಿಸೋಲೋನನ್ನೂ ಕಾರ್ಟಿಸಾಲ್ ಎಂದೇ ಎಣಿಸುತ್ತವೆ. ಗಂಟುನೋವಿಗೆಂದು ಚೀಟಿಯಿಲ್ಲದೆ ಇಂಥ ಗುಳಿಗೆ ತಂದು ನುಂಗುವವರನ್ನು ಕಂಡಾಗ ನನಗೆ ನಿಜಕ್ಕೂ ಹೆದರಿಕೆಯಾಗುತ್ತದೆ.

ಕೊರತೆಯೂ ಇದೆ. ಲ್ಯಾಬ್ ಮಹಡಿಯ ಮೇಲೆ, ಮೆಟ್ಟಿಲು ಕಡಿದು. ಮಂಡಿನೋವಿನವರು ಕೆಳಗಿನಿಂದಲೇ ಫೋನ್ ಮಾಡಿದರೆ ಇಳಿದು ಬಂದು ರಕ್ತ ತೆಗೆಯುತ್ತಾರಂತೆ. ಆ ಮಾತನ್ನು ಬೋರ್ಡಿನ ಮೇಲೆ ಬರೆಸಿದ್ದರೆ ಎಷ್ಟೋ ಅನುಕೂಲವಾಗುತ್ತಿತ್ತು. ಸ್ಯಾಂಪಲ್ ಹುಬ್ಬಳ್ಳಿಗೆ ಹೋಗುವುದರಿಂದ ರಿಪೋರ್ಟ್ ಸಿಗುವುದು ಮರುದಿನ ಸಂಜೆ. ಹೋಗುವಾಗ ಔಷಧಿ ಚೀಟಿಗಳೆಲ್ಲ ಕೈಯಲ್ಲಿರಲಿ, ಹಳೆಯವೂ ಸೇರಿ.