ಬೇರಿಯಾಟ್ರಿಕ್ ಸರ್ಜರಿಯ ನಂತರದ ವಿಡಿಯೋ ಸಮಾಲೋಚನೆ: ಲಾಕ್‌ಡೌನ್‌ನಲ್ಲಿ ಕಾರವಾರದ ಮನೆಯೊಂದಕ್ಕೆ ಸಿಕ್ಕ ಸೇವೆ

ನನ್ನ ಅಕ್ಕನಿಗೆ 2020ರ ಜನವರಿಯಲ್ಲಿ ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಸ್ಲೀವ್ ಗ್ಯಾಸ್ಟ್ರೆಕ್ಟಮಿ ಎಂಬ ಬೇರಿಯಾಟ್ರಿಕ್ (ತೂಕ ಇಳಿಸುವ) ಸರ್ಜರಿ ಆಯಿತು. ಜಠರದ ಸುಮಾರು ಮುಕ್ಕಾಲು ಭಾಗವನ್ನು ತೆಗೆಯುವ ಈ ಶಸ್ತ್ರಚಿಕಿತ್ಸೆಯ ನಂತರ ತೂಕ ಅತ್ಯಂತ ವೇಗವಾಗಿ ಇಳಿಯುವುದು ಮೊದಲ ವರ್ಷದಲ್ಲಿ. ಹೊಸ ಊಟದ ಕ್ರಮ ರೂಢಿಯಾಗಬೇಕಾದದ್ದೂ ಆಗಲೇ. ಮಾರ್ಚ್ 25ರಿಂದ ದೇಶವೇ ಲಾಕ್‌ಡೌನ್ ಆದುದರಿಂದ, ಮೂರನೆಯ ತಿಂಗಳ ತಪಾಸಣೆಗೆ ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗುವುದು ಸಾಧ್ಯವಾಗಲಿಲ್ಲ. ಅದಕ್ಕೆ ಬದಲಾಗಿ ಆಸ್ಪತ್ರೆ ಒದಗಿಸಿದ ವಿಡಿಯೋ ಸಮಾಲೋಚನೆಯ ಬಗ್ಗೆ, ಇಂಥದೇ ಸೇವೆಯನ್ನು ಆಯ್ದುಕೊಳ್ಳುವವರಿಗೆ ನೆರವಾಗಲೆಂದು, ಬರೆಯುತ್ತಿದ್ದೇನೆ.

ಸೇವೆಯ ಜೀವಾಳವೆಂದರೆ ಅಲ್ಲಿನ ಆಹಾರತಜ್ಞೆ. ಟ್ಯಾಗೋರ್ ಕಡಲತೀರದ ನಡಿಗೆ ನಿಂತಿತ್ತು, ಮೀನು ಮಾರುಕಟ್ಟೆ ಮುಚ್ಚಿತ್ತು, ಮನೆಮಂದಿಯೆಲ್ಲ ಒಳಗೇ ಇದ್ದುದರಿಂದ ಹಲಸಿನ ಹಪ್ಪಳದ ಡಬ್ಬಿ ಹಗಲೆಲ್ಲ ತೆರೆದೇ ಇರುತ್ತಿತ್ತು. ಕಿರಿದಾದ ಜಠರ ಒಂದೇ ಸಲಕ್ಕೆ ಹೊಟ್ಟೆ ತುಂಬ ಉಣ್ಣಲು ಬಿಡುವುದಿಲ್ಲ, ಆದರೆ ಆಗಾಗ ಒಂದೊಂದು ಚೂರು ಕರಿದ ತಿಂಡಿ ಬಾಯಿಗೆ ಹೋಗುವುದನ್ನು ಅದು ತಡೆಯಲಾರದು. ಏಪ್ರಿಲ್‌ನಲ್ಲಿ ಅಕ್ಕನ ತೂಕ ಇಳಿಯುವುದು ಬಹುತೇಕ ನಿಂತಿತು. "ಅಕ್ಕಾರ, ಇವತ್ತ ಮನ್ಯಾಗ ಏನೈತಿ, ಅದನ್ನಷ್ಟ ಹೇಳ್ರಿ" ಎಂದು ಕೇಳಿ, ಇದ್ದುದರಲ್ಲಿಯೇ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೊಟೀನ್ ಹೊಂದಿಸುವುದನ್ನು ಆಕೆ ಕಲಿಸಿದರು: ಬೆಳಿಗ್ಗೆ ಮೊಟ್ಟೆ, ನಡುವೆ ಬೇಯಿಸಿದ ಹೆಸರುಕಾಳು, ಮಧ್ಯಾಹ್ನ ಉಪ್ಪು ಹೋಗುವಂತೆ ನೆನೆಸಿ ತೊಳೆದ ಒಣ ಸಿಗಡಿ. ಅನ್ನಕ್ಕಿಂತ ಮೊದಲು ಇವನ್ನು ತಿನ್ನಬೇಕು, ಊಟದ ಜೊತೆಗೆ ನೀರು ಕುಡಿಯಬಾರದು ಎಂಬುದನ್ನು ಪ್ರತಿ ಕರೆಯಲ್ಲೂ ಬೇಸರವಿಲ್ಲದೆ ನೆನಪಿಸಿದರು. ಬೈಗುಳದ ಒಂದು ಮಾತಿರಲಿಲ್ಲ. ಅಕ್ಕ ಹಪ್ಪಳದ ವಿಷಯವನ್ನು ಮುಚ್ಚಿಡದೆ ಹೇಳಲು ಅದೇ ಕಾರಣವೆಂದು ನಾನು ನಂಬುತ್ತೇನೆ. ಮಳೆಗಾಲದ ಹೊತ್ತಿಗೆ ತೂಕ ಮತ್ತೆ ಇಳಿಯತೊಡಗಿತು.

ವೈದ್ಯರ ಭಾಗ ಇಷ್ಟು ತೃಪ್ತಿಕರವಾಗಿರಲಿಲ್ಲ. ಮನೆಯ ತೂಕದ ಯಂತ್ರ ತೋರಿಸಿದ ಅಂಕಿಯನ್ನು ಬರೆದುಕೊಂಡು ಕರೆ ಮುಗಿಸುತ್ತಿದ್ದರು. ಈ ಸರ್ಜರಿಯಾದವರಲ್ಲಿ ಬಿ12, ಕಬ್ಬಿಣ ಮತ್ತು ಡಿ ಜೀವಸತ್ವದ ಕೊರತೆ ಬರುವ ಸಾಧ್ಯತೆ ಇರುವುದರಿಂದ ನಿಯತವಾಗಿ ರಕ್ತಪರೀಕ್ಷೆ ಆಗಬೇಕು. ಅದನ್ನು ಕಾರವಾರದ ಲ್ಯಾಬ್‌ನಲ್ಲೇ ಮಾಡಿಸಿ ವರದಿ ಕಳಿಸಿ ಎಂದು ಯಾರೂ ಸೂಚಿಸಲಿಲ್ಲ. ಅಂಗಾಲು ಜುಮ್ಮೆನ್ನುತ್ತಿದೆ ಎಂದು ಅಕ್ಕ ತಾನಾಗಿ ಹೇಳಿದ ಮೇಲೆ ಪರೀಕ್ಷೆ ನಡೆದು, ಬಿ12 ಕಡಿಮೆಯೆಂದು ತಿಳಿದು, ಚುಚ್ಚುಮದ್ದು ಆರಂಭವಾಯಿತು. ಆಸ್ಪತ್ರೆಗೆ ಹೋಗುವ ದಾರಿ ಮುಚ್ಚಿದಾಗ ಇಂಥ ವಿಷಯವನ್ನು ರೋಗಿಯೇ ಊಹಿಸಬೇಕೆಂದು ಬಿಡುವುದು ಸರಿಯಲ್ಲ.

ಲಾಕ್‌ಡೌನ್ ಎಲ್ಲರ ತೂಕವನ್ನೂ ಒಂದೇ ರೀತಿ ಕೆಡಿಸಲಿಲ್ಲ. ಬೇರೆ ಬೇರೆ ದೇಶಗಳ ಅಧ್ಯಯನಗಳಲ್ಲಿ ಕೆಲವು ತೂಕ ಇಳಿಕೆ ಕುಗ್ಗಿದ್ದನ್ನು, ಕೆಲವು ಹೆಚ್ಚು ವ್ಯತ್ಯಾಸವಾಗದ್ದನ್ನು ವರದಿ ಮಾಡಿವೆ. ಅಕ್ಕನ ವಿಷಯದಲ್ಲಿ ಆಹಾರ ಸಮಾಲೋಚನೆಗೆ ಪೂರ್ಣ ಅಂಕ ಕೊಡುತ್ತೇನೆ, ವೈದ್ಯಕೀಯ ನಿಗಾಕ್ಕೆ ಅರ್ಧ. ಕರಾವಳಿಯಿಂದ ಈ ಸೇವೆ ಪಡೆಯುವವರು ಮೊದಲ ಕರೆಯಲ್ಲೇ ರಕ್ತಪರೀಕ್ಷೆಗಳ ಪಟ್ಟಿಯನ್ನೂ ಅವುಗಳ ತಿಂಗಳುಗಳನ್ನೂ ಬರಹದಲ್ಲಿ ಕೇಳಿ ಪಡೆಯಿರಿ.