ಮನೆಗೆ ಬರುವ ಕಿಟ್ಟೋ, ಕೋರ್ಟಿನ ದಾರಿಯೋ?

ಮಗುವಿನ ಅಪ್ಪ ಯಾರೆಂದು ಡಿಎನ್‌ಎ ಟೆಸ್ಟಿನಿಂದ ತಿಳಿಯಲು ಕಾಸರಗೋಡಿನವರಿಗೂ ಎರಡು ದಾರಿ. ಖಾಸಗಿ ಲ್ಯಾಬಿನ ಕಿಟ್ ತರಿಸುವುದು, ಇಲ್ಲವೇ ಕುಟುಂಬ ನ್ಯಾಯಾಲಯಕ್ಕೆ ಅರ್ಜಿ ಹಾಕುವುದು.

ಲ್ಯಾಬಿನೊಳಗಿನ ಕೆಲಸ ಹೆಚ್ಚುಕಡಿಮೆ ಒಂದೇ. ಮಗುವಿನ ಡಿಎನ್‌ಎಯಲ್ಲಿ ಅರ್ಧ ಅಮ್ಮನದು, ಅರ್ಧ ಅಪ್ಪನದು. ಅದರ ಸುಮಾರು 15ರಿಂದ 20 ಜಾಗಗಳಲ್ಲಿ ಮಗುವಿನದನ್ನೂ ಅಪ್ಪನಿರಬಹುದು ಎನ್ನುವವನದನ್ನೂ ತಾಳೆ ನೋಡುತ್ತಾರೆ. ಎಲ್ಲವೂ ಹೊಂದಿದರೆ ಆತನೇ ಅಪ್ಪ ಎನ್ನುವ ಸಂಭವ ಸಾಮಾನ್ಯವಾಗಿ ಶೇ. 99.9ಕ್ಕಿಂತ ಜಾಸ್ತಿ. ಹಲವು ಕಡೆ ತಪ್ಪಿದರೆ ಆತ ಅಪ್ಪನಲ್ಲ. ಒಂದೇ ಕಡೆ ತಪ್ಪಿದರೆ ಅವಸರ ಬೇಡ, ಅಂಥ ಸಣ್ಣ ಬದಲಾವಣೆ ಸಹಜವಾಗಿಯೂ ಆಗುತ್ತದೆ.

ಕಿಟ್ಟಿನಲ್ಲಿ ಹತ್ತಿಕಡ್ಡಿ ಇರುತ್ತದೆ. ಕೆನ್ನೆಯ ಒಳಭಾಗಕ್ಕೆ ಉಜ್ಜಿ, ಒಣಗಿಸಿ, ಕಾಗದದ ಕವರಿಗೆ ಹಾಕಬೇಕು. ನಮ್ಮ ಕಡೆಯ ಹಿರಿಯರಾದರೆ ಮೊದಲು ಎಲೆಅಡಿಕೆ ಉಗಿದು ಬಾಯಿ ತೊಳೆಯಲಿ! ಸುಲಭ, ಅಲ್ವಾ? ಆದರೆ ಆ ಕಡ್ಡಿ ಯಾರ ಬಾಯಿಯದು ಅನ್ನುವುದಕ್ಕೆ ಸಾಕ್ಷಿಯೇ ಇಲ್ಲ. ಜೀವನಾಂಶದ ಕೇಸಿಗೆ ಇದನ್ನು ನಂಬಿ ಹೋದರೆ ಸುಮ್ನೆ ದುಡ್ಡು ದಂಡ.

ಕೋರ್ಟ್ ಹೇಳಿದ ಟೆಸ್ಟಿನಲ್ಲಿ ಗುರುತು ನೋಡಿ, ಸಹಿ ಹಾಕಿಸಿ, ಸೀಲ್ ಮಾಡುತ್ತಾರೆ. ತಿರುವನಂತಪುರದ ರಾಜೀವ್ ಗಾಂಧಿ ಜೈವಿಕ ತಂತ್ರಜ್ಞಾನ ಕೇಂದ್ರದಲ್ಲಿ ಇಂಥ ಪರೀಕ್ಷೆ ನಡೆಯುತ್ತದೆ. ಕೇಳಿದ ಕೂಡಲೇ ಆದೇಶ ಸಿಗುವುದಿಲ್ಲ ಮಾತ್ರ. ಮದುವೆ ಊರ್ಜಿತದಲ್ಲಿರುವಾಗ ಹುಟ್ಟಿದ ಮಗು ಗಂಡನದೇ ಎಂದು 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 116ನೇ ಕಲಂ ಹಿಡಿಯುತ್ತದೆ. ಅದು ಹಾಗಲ್ಲ ಎನ್ನಲು, ಗರ್ಭ ನಿಂತಿರಬಹುದಾದ ಸಮಯದಲ್ಲಿ ಗಂಡಹೆಂಡತಿ ಕೂಡುವ ಅವಕಾಶವೇ ಇರಲಿಲ್ಲವೆಂದು ತೋರಿಸಬೇಕು. ಬರೀ ಸಂಶಯ ಸಾಲದು.

ಮನಸ್ಸಿನ ಸಮಾಧಾನಕ್ಕಷ್ಟೇ ಆದರೆ, ಎಲ್ಲರ ಒಪ್ಪಿಗೆ ಇದ್ದರೆ, ಕಿಟ್ ಸಾಕು. ಆಸ್ತಿ, ಜೀವನಾಂಶದ ಮಾತಿದ್ದರೆ ಮೊದಲು ವಕೀಲರನ್ನು ಕಾಣಿ.