ಮೋಡ್ ಕಲಿಯಲು ಏಳು ಪೆಟ್ಟಿಗೆಯೋ, ಒಂದು ಮಂದ್ರ ತಂತಿಯೋ?

ಗಿಟಾರ್‌ನಲ್ಲಿ ಮೋಡ್‌ಗಳನ್ನು, ಅಂದರೆ ಪಾಶ್ಚಾತ್ಯ ಸಂಗೀತದ ಬೇರೆ ಬೇರೆ ಸ್ವರಶ್ರೇಣಿಗಳನ್ನು, ಅರ್ಥಮಾಡಿಕೊಳ್ಳಲು ಮೊದಲು ದುಡ್ಡು ಕೊಟ್ಟು ಒಂದು ವಿಡಿಯೊ ಕೋರ್ಸ್ ಕೊಂಡೆ. ಆಮೇಲೆ ಮಂಡ್ಯದಿಂದ ರೈಲು ಹಿಡಿದು, ಮೈಸೂರಿನ ಸರಸ್ವತಿಪುರಂನಲ್ಲಿ ವೀಣೆಯನ್ನೂ ಗಿಟಾರನ್ನೂ ಬಲ್ಲ ಮೇಷ್ಟರೊಬ್ಬರ ಬಳಿ ಹೋಗತೊಡಗಿದೆ. ನನ್ನ ಮತ ಮೇಷ್ಟರಿಗೇ. ಕೋರ್ಸ್‌ಗೆ ತೆತ್ತ ಹಣದಲ್ಲಿ ಒಂದು ಕೇಪೊ (ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್), ಮೇಲೆ ಎರಡು ಸೆಟ್ ತಂತಿ ಬರುತ್ತಿತ್ತು ಎಂಬ ಸಿಟ್ಟೂ ಈ ತೀರ್ಪಿನಲ್ಲಿ ಸೇರಿದೆ.

ಕೋರ್ಸ್‌ನ ಚಿತ್ರಗಳು ಅಚ್ಚುಕಟ್ಟು, ಬೆರಳಿಗೆ ಒಳ್ಳೆಯ ವ್ಯಾಯಾಮ. ತೊಡಕಿರುವುದು ಬೇರೆ ಕಡೆ. ಅದು ಸಿ ಮೇಜರ್‌ನ ಸ್ವರಗಳನ್ನೇ ಫ್ರೆಟ್‌ಬೋರ್ಡಿನ ಮೇಲೆ ಏಳು ಪೆಟ್ಟಿಗೆಗಳಾಗಿ, ಅಂದರೆ ಬೆರಳಿಡುವ ಏಳು ವಿನ್ಯಾಸಗಳಾಗಿ, ಹಂಚುತ್ತದೆ. ಡಿಯಿಂದ ಹೊರಟರೆ ಡೋರಿಯನ್, ಇಯಿಂದ ಹೊರಟರೆ ಫ್ರಿಜಿಯನ್. ಹಿನ್ನೆಲೆಯಲ್ಲಿ ಮಾತ್ರ ಸದಾ ಅದೇ ಸಿ ಮೇಜರ್ ಕಾರ್ಡ್! ಹಾಗಿದ್ದಾಗ ಯಾವ ಪೆಟ್ಟಿಗೆಯಲ್ಲಿ ಕೈಯಾಡಿಸಿದರೂ ಕಿವಿಗೆ ಬೀಳುವುದು ಸಿ ಮೇಜರೇ. ಒಂದು ಮನೆಗೆ ಏಳು ಬಾಗಿಲಿಟ್ಟು ಏಳು ಮನೆ ಎಂದಂತಾಯಿತು. ಕರ್ನಾಟಕ ಸಂಗೀತದಲ್ಲಿ ಅದೇ ಸ್ವರಗಳಿಂದ ಬೇರೆ ರಾಗ ತೋರಿಸಲು ಗ್ರಹಭೇದ ಮಾಡುವವರು ಷಡ್ಜವನ್ನೇ ಸರಿಸುತ್ತಾರೆ. ಇಲ್ಲಿ ಸರಿಯುವುದು ಹೆಸರು ಮಾತ್ರ.

ಎರವಲು ಕಾರ್ಡ್‌ಗಳ, ಅಂದರೆ ಬೇರೆ ಶ್ರೇಣಿಯಿಂದ ತಂದ ಕಾರ್ಡ್‌ಗಳ, ಪಾಠದಲ್ಲಂತೂ ಇದು ಪೂರ್ತಿ ಕೈಕೊಡುತ್ತದೆ. ಸಿ ಮೇಜರ್ ಹಾಡಿನ ನಡುವೆ ಎಫ್ ಮೈನರ್ ಬರುತ್ತದೆ, ‘ಮೈನರ್‌ನಿಂದ ಎರವಲು’ ಎಂದು ಹೇಳಿ ಬೋಧಕರು ಮುಂದೆ ಹೋಗುತ್ತಾರೆ. ಆ ಕಾರ್ಡಿನ ಜೀವವಿರುವುದು ಎ ಫ್ಲ್ಯಾಟ್‌ನಲ್ಲಿ. ಕಂಠಪಾಠ ಮಾಡಿದ ಏಳು ಪೆಟ್ಟಿಗೆಗಳಲ್ಲಿ ಹುಡುಕಿದರೂ ಆ ಸ್ವರ ಸಿಗುವುದಿಲ್ಲ. ಅದರ ಮೇಲೆ ಏನು ನುಡಿಸಬೇಕು? ಉತ್ತರವಿಲ್ಲ.

ಮೇಷ್ಟರು ಮಂದ್ರದ ಇ ತಂತಿಯನ್ನು ಖಾಲಿ ಮೀಟಿಸಿ ಅದನ್ನೇ ಷಡ್ಜ ಎಂದರು. ಸ್ವರಗಳೆಲ್ಲ 4ನೆಯ ತಂತಿಯ ಮೇಲೆ, 2ನೆಯ ಫ್ರೆಟ್‌ನಿಂದ 14ರವರೆಗೆ. ಮೊದಲು ಶಂಕರಾಭರಣ, ಅಂದರೆ ಮೇಜರ್. ನಿಷಾದವನ್ನು 13ರಿಂದ 12ಕ್ಕೆ ಇಳಿಸಿದರೆ ಹರಿಕಾಂಭೋಜಿ, ಅದು ಮಿಕ್ಸೊಲಿಡಿಯನ್. ಗಾಂಧಾರವನ್ನೂ ಇಳಿಸಿದರೆ ಖರಹರಪ್ರಿಯ, ಡೋರಿಯನ್. ಧೈವತವೂ ಇಳಿದರೆ ನಟಭೈರವಿ, ಏಯೋಲಿಯನ್. ರಿಷಭವೂ ಇಳಿದರೆ ತೋಡಿಯ ಮೇಳ (ರಾಗಕ್ಕೆ ಮೂಲವಾದ ಸ್ವರಶ್ರೇಣಿ), ಫ್ರಿಜಿಯನ್. (ಗಮಕವಿಲ್ಲದೆ ಅದನ್ನು ತೋಡಿ ಎನ್ನಲು ಮೇಷ್ಟರಿಗೆ ಮನಸ್ಸಿಲ್ಲ, ಮೇಳ ಎಂದಷ್ಟೇ ಒಪ್ಪುತ್ತಾರೆ.) ಶಂಕರಾಭರಣದ ಮಧ್ಯಮವನ್ನು ಏರಿಸಿದರೆ ಕಲ್ಯಾಣಿ, ಲಿಡಿಯನ್. ಲೋಕ್ರಿಯನ್‌ಗೆ ಶುದ್ಧ ಪಂಚಮವೇ ಇಲ್ಲ; 72 ಮೇಳಗಳಲ್ಲಿ ಅದಕ್ಕೆ ಜಾಗವೂ ಇಲ್ಲ.

ಎರವಲು ಕಾರ್ಡ್‌ಗಳೂ ಇದೇ ದಾರಿಯಲ್ಲಿ ಸಿಕ್ಕವು. ಇ ಮೇಜರ್‌ನಲ್ಲಿ ಎ ಮೇಜರ್ ಇದ್ದಲ್ಲಿ ಎ ಮೈನರ್ ಬಂದರೆ ಇಳಿದಿರುವುದು ಧೈವತ ಒಂದೇ. ಅಷ್ಟು ಹೊತ್ತು ಬೆರಳು 27ನೆಯ ಮೇಳ ಸರಸಾಂಗಿಯಲ್ಲಿದ್ದರೆ ಸಾಕು. ಇನ್ನೊಂದು ಲಾಭವನ್ನು ಕೋರ್ಸ್ ಹೇಳಿಯೇ ಇರಲಿಲ್ಲ: ಇ ಮೈನರ್‌ನಿಂದ ಎರವಲು ಬರುವ ಜಿ, ಎ ಮೈನರ್, ಸಿ, ಡಿ ಎಲ್ಲವೂ ಹೊಸಬರು ಮೊದಲ ವಾರಗಳಲ್ಲೇ ಕಲಿಯುವ ಸುಲಭ ಕಾರ್ಡ್‌ಗಳು. ಸಿ ಮೇಜರ್‌ನಲ್ಲಾದರೆ ಎಫ್ ಮೈನರ್, ಎ ಫ್ಲ್ಯಾಟ್, ಬಿ ಫ್ಲ್ಯಾಟ್, ಇ ಫ್ಲ್ಯಾಟ್ ಹಿಡಿಯಲು ಸಾಮಾನ್ಯವಾಗಿ ತೋರುಬೆರಳನ್ನು ಅಡ್ಡ ಮಲಗಿಸಲೇಬೇಕು.

ಮೇಷ್ಟರಲ್ಲಿ ಕೊರತೆಯಿಲ್ಲವೆಂದಲ್ಲ. ಪಾಠ ಭಾನುವಾರ ಮಾತ್ರ, ಮರೆತದ್ದನ್ನು ಹಿಂದಕ್ಕೆ ಓಡಿಸಿ ನೋಡಲಾಗದು, ಸ್ಟಾಫ್ ನೊಟೇಶನ್ ಅವರಿಗೆ ಬೇಡವೇ ಬೇಡ. ರಾಗದ ಪರಿಚಯವೇ ಇಲ್ಲದವರಿಗೆ ಈ ಹೆಸರುಗಳೂ ಹೊರೆಯೇ. ಸರಳೆ ಹಾಡಿ ಬೆಳೆದ, ಜೇಬು ಬಿಗಿಯಾಗಿರುವ ನನಗೆ ಈ ದಾರಿ ಒಗ್ಗಿತು. ಕೋರ್ಸನ್ನೇ ಕೊಳ್ಳುವವರು ಉಚಿತವಾಗಿ ಸಿಗುವ ಮೊದಲ ಪಾಠವನ್ನು ಕಣ್ಣು ಮುಚ್ಚಿ ಕೇಳಲಿ: ಡೋರಿಯನ್ ನುಡಿಸುವಾಗಲೂ ಹಿಂದೆ ಮೇಜರ್ ಕಾರ್ಡೇ ಮೊಳಗುತ್ತಿದ್ದರೆ ದುಡ್ಡು ಕಟ್ಟುವುದು ಬೇಡ.